ಬಲಗಡೆಯ ನಳಿಗೆ

೨೦೨೪ರ ಜೂನ್ ತಿಂಗಳು. ಪುತ್ತೂರು ಪೇಟೆಯ ಒಂದು ಅಡ್ಡರಸ್ತೆಯಲ್ಲಿ ನನ್ನದು ಕೋವಿ ರಿಪೇರಿಯ ಅಂಗಡಿ, ಸರಕಾರದ ಲೈಸೆನ್ಸ್ ಇರುವಂಥದ್ದು. ಈ ಕೆಲಸಕ್ಕೆ ಕೈ ಹಾಕಿ ಆಗಲೇ ಮೂವತ್ತು ವರ್ಷ ದಾಟಿತ್ತು. ಶಾಲೆಗೆ ಹೋದದ್ದು ಏಳನೆಯವರೆಗೆ ಮಾತ್ರ. ಹಾಗಾಗಿ ಬರವಣಿಗೆಯಲ್ಲಿ ಚಂದ ಕಡಿಮೆಯಾದರೆ ಓದುವವರು ಸುಧಾರಿಸಿಕೊಳ್ಳಬೇಕು. ನಮ್ಮ ಮನೆಮಾತು ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಮಾತುಕತೆಯನ್ನು ಕನ್ನಡದಲ್ಲೇ ಬರೆದಿದ್ದೇನೆ.

ಪುತ್ತೂರು, ಸುಳ್ಯ, ಕಡಬದ ಕಡೆ ಕೃಷಿ ಇರುವ ತುಂಬ ಮನೆಗಳಲ್ಲಿ ಕೋವಿ ಉಂಟು. ಹಂದಿ, ಮಂಗಗಳ ಕಾಟಕ್ಕೆಂದು 'ಬೆಳೆ ರಕ್ಷಣೆ'ಯ ಲೈಸೆನ್ಸ್ ಕೊಡುತ್ತಾರೆ. ಹೆಚ್ಚಿನವರು ಆಕಾಶಕ್ಕೆ ಒಂದು ಗುಂಡು ಹಾರಿಸಿ ಹೆದರಿಸುವುದು, ಅಷ್ಟೇ. ಚುನಾವಣೆ ಬಂತೆಂದರೆ ಈ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಅದಕ್ಕೆ ಡಿಪಾಸಿಟ್ ಎನ್ನುತ್ತಾರೆ. ಫಲಿತಾಂಶ ಬಂದ ಮೇಲೆ ವಾಪಸು ಸಿಗುತ್ತದೆ. ಠಾಣೆಯ ಮೂಲೆಯಲ್ಲಿ ಒಂದಕ್ಕೊಂದು ಒರಗಿ ನಿಂತು ನಿಂತು ಅವುಗಳಿಗೆ ತುಕ್ಕು ಹಿಡಿದಿರುತ್ತದೆ. ಆದ್ದರಿಂದ ಚುನಾವಣೆ ಕಳೆದ ಕೂಡಲೇ ನನ್ನ ಅಂಗಡಿಯಲ್ಲಿ ನಿಲ್ಲಲಿಕ್ಕೆ ಜಾಗ ಇರುವುದಿಲ್ಲ.

ಆ ವರ್ಷ ಲೋಕಸಭೆಯ ಚುನಾವಣೆ. ಫಲಿತಾಂಶ ಬಂದ ವಾರದಲ್ಲೇ ನನ್ನ ಅಕ್ಕ ಅಂಗಡಿಗೆ ಬಂದಳು.

ಲೀಲಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅಮ್ಮ ಬೇಗ ತೀರಿಕೊಂಡದ್ದರಿಂದ ನನ್ನನ್ನು ಸಾಕಿದ್ದು ಅವಳೇ. ಅರಂತೋಡಿನ ನಮ್ಮ ಮನೆಯ ಜಗಲಿಯಲ್ಲಿ ಮೊರವನ್ನು ಮಡಿಲಲ್ಲಿ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹಾಕಿ, ಸುರುಳಿ ಸುತ್ತಿ, ನೂಲು ಬಿಗಿದು, ತುದಿ ಮಡಚುವುದು. ಕಣ್ಣು ನನ್ನ ಪುಸ್ತಕದ ಮೇಲೆ, ಬೆರಳು ಬೀಡಿಯ ಮೇಲೆ. ಏಳನೆಯಲ್ಲಿ ನಾನು ಫೇಲಾದಾಗ ಅಪ್ಪ ಹೊಡೆಯಲಿಕ್ಕೆ ಬಂದರು. ಅಕ್ಕ ನಡುವೆ ನಿಂತು, "ಇವನಿಗೆ ಬುದ್ಧಿ ಇರುದು ತಲೆಯಲ್ಲಿ ಅಲ್ಲ, ಕೈಯಲ್ಲಿ. ನೀವು ಹೊಡೆದು ಅದನ್ನೂ ಹಾಳು ಮಾಡಬೇಡಿ" ಎಂದಳು. ಪುತ್ತೂರಿನ ಕೋವಿ ರಿಪೇರಿಯವರೊಬ್ಬರ ಹತ್ತಿರ ನನ್ನನ್ನು ಕೆಲಸಕ್ಕೆ ಸೇರಿಸಿದ್ದೂ ಅವಳೇ. ಲೋಹ ಉಜ್ಜಲು ಬೇಕಾಗುವ ನನ್ನ ಮೊದಲ ಅರ ಅವಳ ಬೀಡಿಯ ದುಡಿಮೆಯಿಂದ ಬಂದದ್ದು. ಹಲ್ಲು ಸವೆದು ನುಣ್ಣಗಾಗಿದ್ದರೂ ಇವತ್ತಿಗೂ ನನ್ನ ಮೇಜಿನ ಡ್ರಾವರಿನಲ್ಲಿ ಉಂಟು.

ಅಕ್ಕನನ್ನು ಕೊಟ್ಟದ್ದು ಕಾಣಿಯೂರಿಗೆ. ನನ್ನ ಬಾವ ಪುರುಷೋತ್ತಮ ಒಳ್ಳೆಯ ಮನುಷ್ಯ. ಸಿಟ್ಟು ಹಾಲು ಉಕ್ಕಿದ ಹಾಗೆ ಬರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಅವರ ಹತ್ತಿರ ತಮ್ಮ ಅಪ್ಪನ ಕಾಲದ ಒಂದು ಜೋಡಿ ನಳಿಗೆಯ ಕೋವಿ ಇತ್ತು. ಇಂಥ ಕೋವಿಗೆ ಎರಡು ಟ್ರಿಗರ್. ಎದುರಿನದನ್ನು ಎಳೆದರೆ ಬಲಗಡೆಯ ನಳಿಗೆ, ಹಿಂದಿನದನ್ನು ಎಳೆದರೆ ಎಡಗಡೆಯ ನಳಿಗೆ ಹಾರುತ್ತದೆ. ಬಾವನ ಕೋವಿಯ ಬಲಗಡೆ ಎಷ್ಟೋ ವರ್ಷದಿಂದ ಸತ್ತಿತ್ತು. ತೋಟೆಯ, ಎಂದರೆ ಕಾರ್ಟ್ರಿಡ್ಜಿನ, ಹಿಂಭಾಗಕ್ಕೆ ಬಡಿದು ಕಿಡಿ ಹುಟ್ಟಿಸುವ ಫೈರಿಂಗ್ ಪಿನ್ ಸವೆದು ಗಿಡ್ಡವಾಗಿತ್ತು. ಎಳೆದರೆ 'ಟಕ್' ಎನ್ನುತ್ತಿತ್ತೇ ಹೊರತು ಗುಂಡು ಹಾರುತ್ತಿರಲಿಲ್ಲ. ಹಾಗಾಗಿ ಬಾವ ಎಡಗಡೆಗೆ ಮಾತ್ರ ತೋಟೆ ಹಾಕುತ್ತಿದ್ದರು. ಬಲಗಡೆಯದ್ದನ್ನು ಬೇರೆ ಕೆಲಸಕ್ಕೆ ಇಟ್ಟುಕೊಂಡಿದ್ದರು. ಯಾರೊಂದಿಗಾದರೂ ಮಾತಿಗೆ ಮಾತು ಬೆಳೆದರೆ ಕೋವಿ ಹಿಡಿದು ಒಮ್ಮೆ ಟಕ್ ಮಾಡುವುದು. ಎದುರಿನವರು ತಣ್ಣಗಾಗುತ್ತಿದ್ದರು. ಬಾವ ನಗುತ್ತಿದ್ದರು.

ಒಮ್ಮೆ ಮನೆ ಬಾಗಿಲಿಗೆ ಬಂದ ಮಿಕ್ಸಿ ಮಾರುವವನು ಎಷ್ಟು ಹೇಳಿದರೂ ಎದ್ದು ಹೋಗದಿದ್ದಾಗಲೂ ಟಕ್ ಮಾಡಿದ್ದರಂತೆ. ಅವನು ಮಿಕ್ಸಿ ಬಿಟ್ಟು ಓಡಿದ. ಮರುದಿನ ಬಾವನೇ ಮಿಕ್ಸಿಯನ್ನು ಬೈಕಿಗೆ ಕಟ್ಟಿಕೊಂಡು, ಅವನನ್ನು ಹುಡುಕಿ, ಕೊಟ್ಟು, ಚಾ ಕುಡಿಸಿ ಬಂದರು. ನೆಂಟರು ಸೇರಿದಲ್ಲೆಲ್ಲ ಈ ಕಥೆ ಬರುತ್ತಿತ್ತು. ಖಾಲಿ ಕೋವಿಯನ್ನೂ ಮನುಷ್ಯರ ಕಡೆ ಹಿಡಿಯಬಾರದು ಎನ್ನುವುದು ನಾನು ಕಲಿತ ಮೊದಲ ಪಾಠ. ಆದರೂ ಆ ಕಥೆಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನು.

ಅಕ್ಕ ಕೊಡೆ ಮಡಚಿ ಒಳಗೆ ಬಂದಳು. ಕೈಯಲ್ಲಿ ಪತ್ರೊಡೆಯ ಡಬ್ಬಿ.

"ಎಂತ ಅಕ್ಕ, ಒಬ್ಬಳೇ?"

"ನಾನು ಇಲ್ಲಿಗೆ ಬಂದದ್ದು ನಿನ್ನ ಬಾವನಿಗೆ ಗೊತ್ತಿಲ್ಲ. ಹಲ್ಲಿನ ಡಾಕ್ಟ್ರ ಹತ್ತಿರ ಅಂತ ಹೇಳಿದ್ದೇನೆ."

"ಹಲ್ಲುನೋವಾ?"

"ಹಲ್ಲೂ ಇಲ್ಲ, ಎಂತದೂ ಇಲ್ಲ. ಆ ಅರ ಕೆಳಗೆ ಇಡು, ನಾನು ಹೇಳುದು ಕೇಳು."

ಅವಳು ಹೇಳಿದ್ದು ಇದು. ಬಾವನಿಗೂ ನೆರೆಮನೆಯ ಅದ್ದಾಕನಿಗೂ ಮಾತು ಕೆಟ್ಟಿದೆ. ಅದ್ದಾಕ ಎಂದರೆ ಅಬ್ದುಲ್ಲ. ಗಲ್ಫಿನಲ್ಲಿ ತುಂಬ ವರ್ಷ ದುಡಿದು ಬಂದು, ಊರಲ್ಲಿ ಬಾಳೆ, ಕೊಕ್ಕೊ ಮಾಡಿಕೊಂಡಿದ್ದ ಬ್ಯಾರಿ, ಎಂದರೆ ನಮ್ಮ ಕಡೆಯ ಮುಸ್ಲಿಂ. ಬಾವನೂ ಅವರೂ ಒಂದೇ ಜೀಪಿನಲ್ಲಿ ಸಂತೆಗೆ ಹೋಗಿಬರುತ್ತಿದ್ದವರು. ಜಗಳ ಮಂಗಗಳದ್ದು. ಇವರು ಗುಂಡು ಹಾರಿಸಿದರೆ ಮಂಗಗಳು ಆಚೆಯ ಬಾಳೆಗೆ ಹೋಗುತ್ತವೆ. ಅವರು ಪಟಾಕಿ ಹೊಡೆದರೆ ಈಚೆಯ ತೆಂಗಿಗೆ ಬರುತ್ತವೆ. ಇದು ಹೀಗೇ ನಡೆಯುತ್ತಿದ್ದಾಗ ಅದ್ದಾಕ ನಡುವೆ ಒಂದು ತಂತಿಬೇಲಿ ಹಾಕಿಸಿದರು. ಎರಡೂ ಮನೆಯವರು ನಡೆದಾಡುತ್ತಿದ್ದ ಕಾಲುದಾರಿ ಮುಚ್ಚಿಹೋಯಿತು.

"ಮೊದಲು ಮಂಗಕ್ಕೆ ಬೈತಿದ್ದರು. ಈಗ ಮಂಗದ ಸುದ್ದಿಯೇ ಇಲ್ಲ, ಅದ್ದಾಕನ ಹೆಸರು ಮಾತ್ರ" ಎಂದಳು ಅಕ್ಕ. "ಕೋವಿ ಠಾಣೆಯಲ್ಲಿದ್ದಾಗಲೂ ಜಗಳ ಇತ್ತು. ಆದರೆ ಇಬ್ಬರೂ ಬೈದು ಬೈದು ಬಾಯಿ ಒಣಗಿ ಮನೆಗೆ ಹೋಗ್ತಿದ್ದರು. ಕೈಯಲ್ಲಿ ಎಂತದೂ ಇಲ್ಲದಿದ್ದರೆ ಜಗಳ ಬಾಯಿಯಲ್ಲೇ ಮುಗೀತದೆ, ಮೋನು. ಕೋವಿ ಬಂದರೆ ಹಾಗಲ್ಲ. ಯಾರಾದರೂ ಸಾಯ್ತಾರೆ ಅಂತ ನಂಗೆ ಹೆದರಿಕೆ."

ನನ್ನ ಹೆಸರು ಮೋನಪ್ಪ. ಮೋನು ಎಂದು ಕರೆಯುವುದು ಅವಳೊಬ್ಬಳೇ.

"ನಾನೆಂತ ಮಾಡಬೇಕು?"

"ನಾಳೆಯೋ ನಾಡಿದ್ದೋ ಠಾಣೆಯಿಂದ ಕೋವಿ ಬಿಡಿಸಿಕೊಂಡು ಸೀದ ಇಲ್ಲಿಗೆ ತರ್ತಾರೆ. ಸಾಮಾನು ಬರಬೇಕು, ತಿಂಗಳಾಗ್ತದೆ ಅಂತ ಹೇಳು. ಮತ್ತೆ ಇನ್ನೊಂದು ತಿಂಗಳು ದೂಡು."

"ಸುಳ್ಳು ಹೇಳುದಾ?"

"ನಿಂಗೆ ಬರುದಿಲ್ಲವಾ? ಫೇಲಾದದ್ದನ್ನು ಒಂದು ವಾರ ಮುಚ್ಚಿಟ್ಟವ ನೀನು."

"ನೀನೇ ಬಾವನಿಗೆ ಹೇಳಬಹುದಲ್ಲ?"

ಅಕ್ಕ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಳು. "ಹೇಳಿದರೆ ಹೆದರಿದ್ದಾಳೆ ಅಂತ ನಗ್ತಾರೆ. ಹೆದರಿದವಳ ಮಾತು ಯಾರು ಕೇಳ್ತಾರೆ? ಇಟ್ಟುಕೊಳ್ಳಲಿಕ್ಕೆ ಆಗದಿದ್ದರೆ ಬೇಡ. ಆ ಬಲಗಡೆಯದ್ದನ್ನಾದರೂ ಮುಟ್ಟಬೇಡ. ಅದು ಹಾಗೇ ಇರಲಿ."

"ಆಯ್ತು ಅಕ್ಕ" ಎಂದೆ.

ಆಯ್ತು ಎಂದದ್ದು ಬಾಯಿ ಮಾತ್ರ. ಹೆಂಗಸರಿಗೆ ಕೋವಿ ಎಂದರೆ ಸುಮ್ಮನೆ ಹೆದರಿಕೆ ಎಂದುಕೊಂಡು ಪತ್ರೊಡೆ ತಿಂದೆ.

ಎರಡು ದಿನ ಕಳೆದು ಬಾವ ಬಂದರು. ಒಂದು ಹೆಗಲಲ್ಲಿ ಕೋವಿ, ಇನ್ನೊಂದರಲ್ಲಿ ಕದಳಿ ಗೊನೆ.

"ತಕ್ಕೋ, ಮಂಗ ಬಿಟ್ಟು ಉಳಿದದ್ದು. ಮಂಗ ತಿಂದು ಮಿಕ್ಕಿದ್ದು ನೆಂಟರಿಗೆ."

ಕೋವಿ ಬಿಚ್ಚಿ ಮೇಜಿನ ಮೇಲೆ ಹರಡಿದೆ. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಒಳಗೆ ತುಕ್ಕಿನ ಚುಕ್ಕೆ ಬಿಟ್ಟರೆ ಏನೂ ಆಗಿರಲಿಲ್ಲ. ಹಳೆಯ ಕಾಲದ ಒಳ್ಳೆಯ ಉಕ್ಕು. ಇಂಥ ಕೋವಿಯ ಒಂದು ಪಕ್ಕ ಸತ್ತು ಬಿದ್ದಿರುವುದನ್ನು ನನಗೆ ಯಾವತ್ತೂ ಸಹಿಸಲಿಕ್ಕೆ ಆಗುತ್ತಿರಲಿಲ್ಲ.

"ಬಾವ, ಈ ಸಲ ಬಲಗಡೆಯದ್ದನ್ನೂ ಸರಿ ಮಾಡ್ತೇನೆ" ಎಂದೆ.

"ಅದು ಬೇಡ ಮಾರಾಯ. ಅದು ಹಲ್ಲಿಲ್ಲದ ನಾಯಿ, ಬೊಗಳಿಕೊಂಡು ಇರಲಿ."

ಅಲ್ಲಿಗೆ ನಿಲ್ಲಬಹುದಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ. "ಅಕ್ಕನೂ ಬಂದು ಹಾಗೇ ಹೇಳಿ ಹೋದಳು" ಎಂದುಬಿಟ್ಟೆ.

ಬಾವನ ನಗು ನಿಂತಿತು. "ಯಾವಾಗ?"

"ಮೊನ್ನೆ. ಹಲ್ಲಿನ ಡಾಕ್ಟ್ರಲ್ಲಿಗೆ ಅಂತ ಹೊರಟಳಲ್ಲ."

ಬಾವ ಸ್ಟೂಲಿನ ಮೇಲೆ ಕೂತರು. ಬಿಚ್ಚಿಟ್ಟ ಕೋವಿಯನ್ನು ನೋಡುತ್ತಾ, "ಹೆದರಿಕೆಯಾ ಅವಳಿಗೆ?" ಎಂದು ಕೇಳಿದರು. ನಾನು, "ಹೆಂಗಸರಲ್ಲವಾ ಬಾವ" ಎಂದೆ. ಅವರು ತಲೆ ಆಡಿಸಿದರು. "ಅವಳು ಅಷ್ಟು ದೂರ ಬಂದು ಹೇಳಿದ್ದಾಳೆ ಅಂದರೆ ಬಿಡು. ತುಕ್ಕು ಮಾತ್ರ ತೆಗೆ."

ಇಲ್ಲಿ ನಾನು ಹೇಳಿದ ಮಾತನ್ನು ಇಷ್ಟು ದಿನ ಹೊರಗೆ ಯಾರಿಗೂ ಹೇಳಿರಲಿಲ್ಲ. "ಅರ್ಧ ಕೆಟ್ಟ ಕೋವಿ ನನ್ನ ಅಂಗಡಿಯಿಂದ ಹೊರಗೆ ಹೋಗುದಾ? ಸ್ವಂತ ಬಾವನ ಕೋವಿ ಸರಿ ಮಾಡಲಿಕ್ಕೆ ಗೊತ್ತಿಲ್ಲ ಅಂತ ಜನ ಹೇಳುದಿಲ್ಲವಾ? ಒಂದು ಪಿನ್ನಿನ ಕೆಲಸ ಬಾವ. ನನ್ನ ಮರ್ಯಾದೆ ಉಳಿಸಿ."

"ನಿನ್ನಿಷ್ಟ" ಎಂದರು ಬಾವ.

ಆ ಪಿನ್ನನ್ನು ನಾನು ಮಾಡಿದಷ್ಟು ಆಸೆಯಿಂದ ಬೇರೆ ಯಾವುದನ್ನೂ ಮಾಡಿಲ್ಲ. ಉಕ್ಕಿನ ಸರಳನ್ನು ಲೇತಿಗೆ ಕೊಟ್ಟು, ಅಳತೆಗೆ ಇಳಿಸಿ, ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಹದ ಮಾಡಿ, ತುದಿಯನ್ನು ಅರದಿಂದ ದುಂಡಗೆ ಉಜ್ಜಿದೆ. ಖಾಲಿ ತೋಟೆ ಹಾಕಿ ಪರೀಕ್ಷೆ ಮಾಡಿದರೆ ಹಿಂಭಾಗದ ಕ್ಯಾಪಿನ ನಟ್ಟನಡುವೆ ಗುಳಿ ಬಿದ್ದಿತು. ಬಾವನಿಗೆ ತೋರಿಸಿದೆ. "ಭಾರೀ ಲಾಯ್ಕ ಆಗಿದೆ" ಎಂದು ನನ್ನ ಬೆನ್ನು ತಟ್ಟಿದರು. ಅಕ್ಕನಿಗೆ ನಾನು ಫೋನು ಮಾಡಲಿಲ್ಲ.

ಅದಾದ ಮೇಲೆ ಬಾವ ಎರಡೂ ಕಡೆಗೆ ತೋಟೆ ಹಾಕಲು ಶುರು ಮಾಡಿದರು.

ಆಗಸ್ಟ್ ಕಳೆಯುತ್ತ ಬಂದಿತ್ತು, ಸೋಣ ತಿಂಗಳ ಒಂದು ಬೆಳಿಗ್ಗೆ. ನಾನು ಅಲ್ಲಿ ಇರಲಿಲ್ಲ. ಬಾವನೂ ಅದ್ದಾಕನೂ ಬೇರೆ ಬೇರೆಯಾಗಿ ಹೇಳಿದ್ದು ಒಂದೇ ಆದ್ದರಿಂದ ನಂಬಿ ಬರೆಯುತ್ತೇನೆ. ಅದ್ದಾಕನ ಪಟಾಕಿಗೆ ಹೆದರಿದ ಮಂಗಗಳು ಬಾವನ ತೆಂಗಿಗೆ ಬಂದವು. ಬಾವ ಎಡಗಡೆಯ ನಳಿಗೆಯಿಂದ ಆಕಾಶಕ್ಕೆ ಹಾರಿಸಿದರು. ಮಂಗಗಳು ಬಂದ ದಾರಿಯಲ್ಲೇ ಹಿಂದೆ ಹೋದವು. ಅದ್ದಾಕ ಬೇಲಿಯ ಹತ್ತಿರ ಬಂದು ನಿಂತರು.

"ನಿಮ್ಮ ಮಂಗವನ್ನು ನೀವೇ ಇಟ್ಟುಕೊಳ್ಳಿ ಪುರುಷೋತ್ತಮಣ್ಣ."

"ನನ್ನ ಮಂಗವಾ? ನಾನು ಸಾಕಿದ್ದಾ?"

"ಸಾಕಿದ ಹಾಗೆಯೇ ಉಂಟು. ನಿಮ್ಮ ಒಂದು ಶಬ್ದಕ್ಕೆ ಸಾಲಾಗಿ ನನ್ನ ಬಾಳೆಗೆ ಬರ್ತವೆ."

"ದೊಡ್ಡ ಬೇಲಿ ಹಾಕಿದ್ದೀರಲ್ಲ, ಅದರ ಆಚೆ ನಿಲ್ಲಲಿಕ್ಕೆ ಹೇಳಿ. ಬೇಲಿ ಹಾಕುವಾಗ ನನಗಂತೂ ಹೇಳಲಿಲ್ಲ, ಮಂಗಕ್ಕಾದರೂ ಹೇಳಿ."

"ನನ್ನ ಜಾಗಕ್ಕೆ ಬೇಲಿ ಹಾಕಲಿಕ್ಕೆ ನಿಮ್ಮನ್ನು ಕೇಳಬೇಕಾ?"

ಬಾವನಿಗೆ ಸಿಟ್ಟು ಉಕ್ಕಿತು. ಬೇಲಿಯ ಬುಡದ ಕೆಂಪುಕಲ್ಲಿನ ಕಟ್ಟೆಯ ಕಡೆ ಕೋವಿ ಇಳಿಸಿದರು. ಎಷ್ಟೋ ವರ್ಷದ ರೂಢಿಯಲ್ಲಿ ಬೆರಳು ತಾನಾಗಿ ಎದುರಿನ ಟ್ರಿಗರಿಗೆ ಹೋಯಿತು. ಒಂದು ಟಕ್ ಆದರೆ ಜಗಳ ಮುಗಿಯಿತು ಎಂಬ ಲೆಕ್ಕ. ಅಷ್ಟರಲ್ಲಿ ದನದ ಹಟ್ಟಿಯಿಂದ ಓಡಿಬಂದ ಅಕ್ಕ ನಳಿಗೆಯನ್ನು ಪಕ್ಕಕ್ಕೆ ದೂಡಲು ಬಲಗೈ ಚಾಚಿದ್ದಳು.

ಟಕ್ ಆಗಲಿಲ್ಲ. ಗುಂಡು ಹಾರಿತು. ತೋಟೆಯೊಳಗಿನ ಸೀಸದ ಚರೆಗಳು ಕಲ್ಲಿಗೆ ಬಡಿದು ಹಿಂದೆ ಸಿಡಿದವು. ಕೆಲವು ಅಕ್ಕನ ಕೈಗೆ ಹೊಕ್ಕವು.

ಬಾವ ಕೋವಿ ಕೆಳಗೆ ಹಾಕಿ ನಿಂತಲ್ಲೇ ನಿಂತರಂತೆ. ಅದ್ದಾಕ ತಾವೇ ಹಾಕಿಸಿದ ತಂತಿಬೇಲಿಯನ್ನು ಹತ್ತಿ, ಅಂಗಿ ಹರಿದುಕೊಂಡು ಈಚೆ ಹಾರಿದರು. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಅಕ್ಕನ ಕೈಗೆ ಬಿಗಿದರು. ಅವರೇ ಜೀಪು ಬಿಟ್ಟರು. ಬಾವ ಹಿಂದಿನ ಸೀಟಿನಲ್ಲಿ ಅಕ್ಕನ ಕೈಯನ್ನು ಎತ್ತಿ ಹಿಡಿದು ಕೂತಿದ್ದರು. ಪುತ್ತೂರಿಗೆ ತಲುಪುವವರೆಗೆ ಮಾತಾಡಿದ್ದು ಅಕ್ಕ ಒಬ್ಬಳೇ. "ಅದ್ದಾಕ, ಹೊಂಡ ತಪ್ಪಿಸಿ ಬಿಡಿ. ಚರೆಗಿಂತ ನಿಮ್ಮ ಜೀಪು ಜಾಸ್ತಿ ನೋವು ಮಾಡ್ತದೆ."

ನಾನು ಆಸ್ಪತ್ರೆಗೆ ಓಡಿದೆ. ಅವಳು ಮಂಚದ ಮೇಲೆ ಇದ್ದಳು, ಬಲಗೈ ಪೂರ್ತಿ ಬಿಳಿ ಬಟ್ಟೆ. ನನ್ನ ಮುಖ ನೋಡಿದಳು. ಈಗ ಕೇಳುತ್ತಾಳೆ ಎಂದು ಕಾದೆ.

"ಊಟ ಆಯ್ತಾ ಮೋನು?" ಎಂದಳು.

ಸುದ್ದಿ ಹೇಗೋ ಬೇರೆ ಬಣ್ಣದಲ್ಲಿ ಹೊರಗೆ ಹೋಗಿತ್ತು. ನಮಗೆ ಪರಿಚಯವೇ ಇಲ್ಲದ ನಾಲ್ಕಾರು ಯುವಕರು ವಾರ್ಡಿಗೆ ಬಂದು, "ಅಕ್ಕ, ಆ ಬ್ಯಾರಿ ಎಂತ ಮಾಡಿದ ಹೇಳಿ, ಉಳಿದದ್ದು ನಾವು ನೋಡಿಕೊಳ್ತೇವೆ" ಎಂದರು. ಅದ್ದಾಕ ಅಲ್ಲೇ ಮೂಲೆಯಲ್ಲಿ ಹರಿದ ಅಂಗಿಯಲ್ಲಿ ನಿಂತಿದ್ದರು. ಅಕ್ಕ ಹೇಳಿದಳು, "ಅವರು ಜೀಪು ಬಿಟ್ಟರು. ಗುಂಡು ಬಿಟ್ಟದ್ದು ನನ್ನ ಗಂಡ. ಜಗಳ ಮಂಗನದ್ದು. ಜಾಸ್ತಿ ವಿಷಯ ಬೇಕಾದರೆ ಕಾಣಿಯೂರಿಗೆ ಹೋಗಿ ಮಂಗನ ಹತ್ತಿರ ಕೇಳಿ." ಪಕ್ಕದ ಮಂಚದ ಅಜ್ಜಿ ನಕ್ಕುಬಿಟ್ಟರು. ಆ ಯುವಕರು ಹೊರಟುಹೋದರು.

ಆಮೇಲೆ ಹೊರಗಿನ ಬೆಂಚಿನಲ್ಲಿ ಬಾವನೂ ಅದ್ದಾಕನೂ ಕೂತಿದ್ದರು. ಅದ್ದಾಕ, "ಬೇಲಿಯ ವಿಷಯ ಒಂದು ಮಾತು ಹೇಳಬೇಕಿತ್ತು ನಾನು" ಎಂದರು. ಬಾವ ಅತ್ತರು. ಮಂಗಕ್ಕಿಂತ ಜಾಸ್ತಿ ಅವರಿಗೆ ನೋವಾಗಿದ್ದದ್ದು ಅದೇ ಎಂದು ನನಗೆ ಗೊತ್ತಾದದ್ದು ಆಗ. ಗೆಳೆಯ ದಾರಿ ಮುಚ್ಚುವಾಗ ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ಬಹುಶಃ ಕಂಬ ನೆಡಲಿಕ್ಕೆ ಬಾವನೇ ಹೋಗುತ್ತಿದ್ದರು.

ಕೇಸು ಆಯಿತು. ಬಾವ ತಪ್ಪು ಒಪ್ಪಿಕೊಂಡರು. ಕೋವಿ ಹೋಯಿತು, ಲೈಸೆನ್ಸ್ ಹೋಯಿತು. ತನಿಖೆಗೆ ಬಂದ ಪೊಲೀಸ್ ಅಧಿಕಾರಿ ನನ್ನ ಅಂಗಡಿಗೂ ಬಂದು, ರಿಪೇರಿಯಲ್ಲಿ ಏನಾದರೂ ದೋಷ ಉಳಿದಿತ್ತೇ ಎಂದು ಕೇಳಿದರು.

"ಇಲ್ಲ ಸರ್. ಎರಡೂ ಕಡೆ ಸರಿ ಇತ್ತು."

"ಹೌದು, ನಾವೂ ಪರೀಕ್ಷೆ ಮಾಡಿಸಿದೆವು. ಕೆಲಸ ಚೆನ್ನಾಗಿ ಮಾಡಿದ್ದೀರಿ. ನಿಮ್ಮದೇನೂ ತಪ್ಪಿಲ್ಲ" ಎಂದು ಹೋದರು.

ನನ್ನ ಇಷ್ಟು ವರ್ಷದ ಕೆಲಸದಲ್ಲಿ ಒಬ್ಬ ಅಧಿಕಾರಿ ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಅಕ್ಕನ ಗಾಯ ಮಾಗಿತು. ಬಲಗೈಯ ತೋರುಬೆರಳು, ನಡುಬೆರಳು ಮಾತ್ರ ಮಡಚದೆ ಉಳಿದವು. ಮದುವೆಯ ಮೇಲೂ ಬಿಡದಿದ್ದ ಬೀಡಿಯ ಮೊರ ಅಟ್ಟಕ್ಕೆ ಹೋಯಿತು. ನಾನು ವಾರಕ್ಕೊಮ್ಮೆ ಕಾಣಿಯೂರಿಗೆ ಹೋಗಿ ಹಣ್ಣು ಕೊಟ್ಟು ಬರುತ್ತಿದ್ದೆ. ಅವಳ ಕೈ ನೋಡುತ್ತಿರಲಿಲ್ಲ. ಅವಳು ಬಂದು ಹೇಳಿದ್ದು, ಬಾವ ಬೇಡ ಎಂದದ್ದು, ನಾನು ಹಟ ಮಾಡಿದ್ದು ಯಾವುದನ್ನೂ ಹೇಳದೆ ಎದ್ದು ಬರುತ್ತಿದ್ದೆ. ಅವಳೂ ಕೇಳಲಿಲ್ಲ.

ಮರುವರ್ಷ ಒಂದು ದಿನ ಹೋದಾಗ ಬಾವ ಮನೆಯಲ್ಲಿರಲಿಲ್ಲ. ಬಾವ ಮತ್ತು ಅದ್ದಾಕ ಈಗ ದಿನಾ ಬೆಳಿಗ್ಗೆ ಒಟ್ಟಿಗೆ ಹೊರಡುತ್ತಾರೆ. ಒಬ್ಬರ ಕೈಯಲ್ಲಿ ತಗಡಿನ ಡಬ್ಬ, ಇನ್ನೊಬ್ಬರ ಕೈಯಲ್ಲಿ ಪಟಾಕಿ. ಬೇಲಿಗೆ ಒಂದು ಗೇಟು ಆಗಿದೆ. ಎರಡೂ ತೋಟದ ಮಂಗಗಳನ್ನು ಸೇರಿಸಿ ಕಾಡಿನ ಕಡೆಗೇ ಓಡಿಸುವುದು. ಮಂಗಗಳು ಪೂರ್ತಿ ಹೋಗಿಲ್ಲ, ಮರುದಿನ ಬರುತ್ತವೆ. ಇವರೂ ಮರುದಿನ ಹೋಗುತ್ತಾರೆ.

ಅಕ್ಕ ಅಡುಗೆಮನೆಯಲ್ಲಿ ಎಡಗೈಯಲ್ಲಿ ಕಾಯಿ ಕೆರೆಯುತ್ತಿದ್ದಳು. ನೆಲದ ಮೇಲೆ ಕೂತು ಹೇಳಿಬಿಟ್ಟೆ. ಎಲ್ಲವನ್ನೂ, 'ನನ್ನ ಮರ್ಯಾದೆ ಉಳಿಸಿ' ಎಂದದ್ದನ್ನೂ.

ಅವಳು ಕಾಯಿ ಕೆರೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತುಂಟು."

"ಯಾರು ಹೇಳಿದ್ದು?"

"ನಿನ್ನ ಬಾವ. ಆಸ್ಪತ್ರೆಯಲ್ಲೇ, ನೀನು ಬರುವ ಮೊದಲೇ."

"ಮತ್ತೆ ನನ್ನ ಹತ್ತಿರ ಎಂತಕ್ಕೆ ಕೇಳಲಿಲ್ಲ?"

"ಫೇಲಾದದ್ದನ್ನು ನೀನೇ ಬಂದು ಹೇಳುವವರೆಗೆ ಆಗಲೂ ಕೇಳಿರಲಿಲ್ಲ. ಆಗ ಒಂದು ವಾರ. ಈಗ ಒಂದು ವರ್ಷ ಆಯ್ತು. ದೊಡ್ಡವನಾಗಿದ್ದಿ." ತುರಿಯನ್ನು ಬದಿಗೆ ಸರಿಸಿ, "ನನ್ನ ತಪ್ಪೂ ಉಂಟು ಮೋನು" ಎಂದಳು. "ಗಂಡನಿಗೆ ಹೇಳಬೇಕಾದ್ದನ್ನು ಹಲ್ಲುನೋವು ಅಂತ ಸುಳ್ಳು ಹೇಳಿ ನಿನ್ನ ಹತ್ತಿರ ಬಂದು ಹೇಳಿದೆ. ಅವರ ಹತ್ತಿರವೇ ಹೇಳಿದ್ದರೆ ಕೇಳ್ತಿದ್ದರು ಅಂತ ಈಗ ಗೊತ್ತಾಯಿತು."

ನನ್ನ ಅಂಗಡಿ ಈಗಲೂ ಉಂಟು. ಕೋವಿ ಬಂದರೆ ಮೊದಲು ನಳಿಗೆ ನೋಡುವುದು ಬಿಟ್ಟಿದ್ದೇನೆ. ತಂದವರನ್ನು ಕೂರಿಸಿ, ಚಾ ತರಿಸಿ, ಮನೆಯಲ್ಲಿ ಯಾರು ಯಾರು ಇದ್ದಾರೆ, ನೆರೆಯವರು ಹೇಗೆ, ನಿದ್ರೆ ಬರುತ್ತದಾ ಎಂದು ಕೇಳುತ್ತೇನೆ. ಮನೆಯ ಹೆಂಗಸರು ಫೋನು ಮಾಡಿ ಸ್ವಲ್ಪ ತಡಮಾಡಿ ಎಂದರೆ ತಡಮಾಡುತ್ತೇನೆ. ಸಾಮಾನು ಬಂದಿಲ್ಲ ಎಂದು ಸುಳ್ಳು ಹೇಳುವುದಿಲ್ಲ. "ನಿಮ್ಮ ಮನೆಯವರಿಗೆ ಹೆದರಿಕೆ ಉಂಟಂತೆ, ಮೊದಲು ಅವರೊಟ್ಟಿಗೆ ಮಾತಾಡಿ ಬನ್ನಿ" ಎಂದೇ ಹೇಳುತ್ತೇನೆ. ಕೆಲವರು ಸಿಟ್ಟಾಗಿ ಬೇರೆ ಅಂಗಡಿಗೆ ಹೋಗಿದ್ದಾರೆ. ಕೆಲವರು ಮಾತಾಡಿ ಬಂದು, ಲೈಸೆನ್ಸ್ ವಾಪಸು ಕೊಡುವುದು ಹೇಗೆ ಎಂದು ಕೇಳಿದ್ದಾರೆ. ಕೋವಿಯಲ್ಲಿ ಕೆಟ್ಟದ್ದು ಏನೆಂದು ನನ್ನ ಕೈಗೆ ಗೊತ್ತಾಗುತ್ತದೆ. ಮನೆಯಲ್ಲಿ ಕೆಟ್ಟದ್ದು ಏನೆಂದು ತಿಳಿಯಬೇಕಾದರೆ ಕೇಳಲೇಬೇಕು.

ಎಲ್ಲವನ್ನೂ ಹೇಳಿದ ಆ ದಿನ ಅಕ್ಕ ಕೆರೆಮಣೆಯನ್ನು ನನ್ನ ಮುಂದೆ ದೂಡಿದಳು. "ಇದರ ಅಲಗು ಬಲಗೈಯವರಿಗೆ ಮಾಡಿದ್ದು. ಸ್ವಲ್ಪ ಎಡಕ್ಕೆ ಬಗ್ಗಿಸಿ ಕೊಡು. ಹಲ್ಲು ಹರಿತ ಮಾಡುದು ಬೇಡ, ಚಂದ ಮಾಡುದು ಬೇಡ. ನಾನು ಹೇಳಿದಷ್ಟೇ ಮಾಡು."

ಅಂಗಳದ ಕಲ್ಲಿನ ಮೇಲೆ ಇಟ್ಟು, ಸುತ್ತಿಗೆಯಲ್ಲಿ ಮೆಲ್ಲ ಬಡಿದು ಬಗ್ಗಿಸಿದೆ. ಅವಳು ಕೂತು ನೋಡಿದಳು, ಇನ್ನೊಂದು ಚೂರು ಎಂದಳು. ಮತ್ತೆ ಬಡಿದೆ. ಅಲಗಿನ ಹಲ್ಲು ಮೊಂಡಾಗಿತ್ತು. ಅರ ತಾಗಿಸಲು ಕೈ ತುರಿಸಿತು.

"ಹಲ್ಲಿಗೆ ಒಂದು ಸಲ ಅರ ಕೊಡಲಾ ಅಕ್ಕ?"

ಅವಳು ಎಡಗೈಯಲ್ಲಿ ಅರ್ಧ ಕಾಯಿ ಕೆರೆದು ನೋಡಿದಳು. ಬಿಳಿ ತುರಿ ಬಟ್ಟಲಿಗೆ ಬಿತ್ತು.

"ಬೇಡ. ಸಾಕು."

ಸುತ್ತಿಗೆ ಕೆಳಗೆ ಇಟ್ಟೆ.